ಚಿವುಟುವ ಉಗುರಿಗೆ ಬೇಕಾದ ವಿವೇಕ

ಇಂಗ್ಲಿಷಿನಲ್ಲಿ ‘ನಿಪ್ ಇನ್ ದ ಬಡ್’ ಎಂಬುದೊಂದು ನುಡಿಗಟ್ಟು ಉಂಟು. ಅನಿಷ್ಟವೊಂದು ಬೇರೂರಿ, ಕಾಂಡ ಬಲಿತು, ಕೊಂಬೆ ಚಾಚಿ ನಿಲ್ಲುವುದಕ್ಕೆ ಆಸ್ಪದ ಕೊಡದೆ, ಅದು ಇನ್ನೂ ಮೊಗ್ಗಾಗಿರುವಾಗಲೇ ಚಿವುಟಿ ನಿಲ್ಲಿಸಬೇಕೆಂಬುದು ಅದರ ತಾತ್ಪರ್ಯ. ಹದಿನೇಳನೆಯ ಶತಮಾನದ ಆರಂಭದ ವೇಳೆಗೆ ಇಂಗ್ಲೆಂಡಿನ ಬರವಣಿಗೆಯಲ್ಲಿ ತಲೆದೋರಿದ ಈ ಮಾತಿನ ಬೆನ್ನಿಗೆ ಇರುವುದು ಶೀತದೇಶದ ತೋಟದ ಅನುಭವ: ವಸಂತ ಕಾಲಿಟ್ಟ ಮೇಲೆ ಅಕಾಲದ ಹಿಮ ಬಿದ್ದು ಮೊಗ್ಗುಗಳು ಕಮರಿದುವೆಂದರೆ ಆ ವರ್ಷ ಮರದಲ್ಲಿ ಹಣ್ಣಿಲ್ಲ, ಬೇಡದ ಮೊಗ್ಗನ್ನು ತೋಟಗಾರನು ಬೆರಳ ತುದಿಯಿಂದ ತೆಗೆದನೆಂದರೆ ಆ ಕಡೆಗೆ ಕೊಂಬೆ ಹೊರಡುವುದಿಲ್ಲ. ಎರಡರಲ್ಲಿಯೂ ಪ್ರಯತ್ನ ಅತ್ಯಲ್ಪ, ಪರಿಣಾಮ ಸಂಪೂರ್ಣ. ಈ ಅಲ್ಪ ಪ್ರಯತ್ನದ ಆಕರ್ಷಣೆಯಿಂದಲೇ ಇರಬೇಕು, ಆ ನುಡಿಗಟ್ಟು ಇಂದು ನಮ್ಮ ವೃತ್ತಪತ್ರಿಕೆಗಳ ತಲೆಬರಹಗಳಲ್ಲಿಯೂ ಅಧಿಕಾರಿಗಳ ಭಾಷಣಗಳಲ್ಲಿಯೂ ‘ಮೊಳಕೆಯಲ್ಲಿಯೇ ಚಿವುಟಿ ಹಾಕಬೇಕು’ ಎಂಬ ರೂಪದಲ್ಲಿ ದಿನನಿತ್ಯವೂ ಕೇಳಿಬರುತ್ತಿದೆ. ಜೂಜು, ವ್ಯಸನ, ವದಂತಿ, ಅಕ್ರಮ ಮರಳು ಸಾಗಣೆ, ವಿದ್ಯಾರ್ಥಿಗಳ ಪ್ರತಿಭಟನೆ, ಪಕ್ಷದೊಳಗಣ ಭಿನ್ನಮತ—ಇವೆಲ್ಲಕ್ಕೂ ಒಂದೇ ಉಗುರು, ಒಂದೇ ಚಿವುಟು. ಈ ಮಾತನ್ನು ಬಳಸಬಾರದೆಂದು ನಾನು ಹೇಳುವವನಲ್ಲ. ಅದು ಒಳ್ಳೆಯ ಮಾತು, ಬೇಕಾದ ಮಾತು. ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ಬಲ್ಲವರು ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಎರೆಹೊಲದ ಒಕ್ಕಲಿಗರು. ಅವರ ಅರಿವನ್ನು ಕೂಡಿಸಿಕೊಳ್ಳದೆ ಈ ನುಡಿಯನ್ನು ಕಂಡಕಂಡಲ್ಲಿ ಪ್ರಯೋಗಿಸುವುದರಿಂದ ಹಿತಕ್ಕಿಂತ ಅಹಿತವೇ ಹೆಚ್ಚೆಂಬುದು ನನ್ನ ನಂಬಿಕೆ.

ಸಕಾಲದಲ್ಲಿ ತಡೆಯಬೇಕೆಂಬ ತಿಳಿವಳಿಕೆ ನಮ್ಮ ನುಡಿಗೆ ಸಮುದ್ರ ದಾಟಿ ಬರಬೇಕಾಗಿರಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ನೆಲಸಿದ ನಾಡೆಂದು ಗುರುತಿಸಿದ ನಾಲ್ಕು ನೆಲೆಗಳಲ್ಲಿ ಕೊಪಣವೆಂಬ ಇಂದಿನ ಕೊಪ್ಪಳವೂ ಒಂದು; ಆ ನೆಲದ ಜನ ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ’ ಎಂದೂ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂದೂ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಅಷ್ಟೇ ಅಲ್ಲ, ನಿಲ್ಲಿಸುವ ಕಾರ್ಯದಲ್ಲಿ ಬಗೆಬಗೆಗಳುಂಟೆಂಬುದನ್ನು ಕನ್ನಡವು ಬಹು ಸೂಕ್ಷ್ಮವಾಗಿ ವಿಂಗಡಿಸಿಕೊಂಡಿದೆ. ಕಡಿವಾಣ ಹಾಕುವುದೆಂದರೆ ಕುದುರೆಯನ್ನು ಕೊಲ್ಲುವುದಲ್ಲ, ಸವಾರನ ಇಚ್ಛೆಗೆ ಒಳಪಟ್ಟು ನಡೆಯುವಂತೆ ಮಾಡುವುದು. ಆದುದರಿಂದ ಲಂಚಕ್ಕೆ ಕಡಿವಾಣ ಹಾಕುತ್ತೇವೆಂದು ಹೇಳುವವರು ತಾವು ಹೇಳುತ್ತಿರುವುದೇನೆಂದು ಒಮ್ಮೆ ಯೋಚಿಸಬೇಕು, ಏಕೆಂದರೆ ಲಂಚ ಹದವಾಗಿ ನಡೆಯಬೇಕಾದ ವಸ್ತುವಲ್ಲ, ಇಲ್ಲವಾಗಬೇಕಾದ ವಸ್ತು. ಎಳ್ಳುನೀರು ಬಿಡುವ ಅಧಿಕಾರ ಸತ್ತವರ ಬಂಧುವಿಗೆ ಮಾತ್ರ. ತನ್ನದಾಗಿದ್ದುದನ್ನು ತಾನೇ ತ್ಯಜಿಸಿದವನು ಮಾತ್ರ ಅದಕ್ಕೆ ತಿಲಾಂಜಲಿ ಕೊಟ್ಟೆನೆಂದು ಹೇಳಬಲ್ಲನೇ ಹೊರತು, ಪರರ ಹಕ್ಕನ್ನು ಕಸಿದುಕೊಂಡವನು ಹಾಗೆ ಹೇಳಲಾರನು. ಮಂಗಳ ಹಾಡುವುದು ಆಟ ಪೂರ್ತಿಯಾದ ಮೇಲೆ. ನಡುವೆ ನಿಲ್ಲಿಸಿದ್ದಕ್ಕೆ ಆ ಮಾತು ಸಲ್ಲದು. ತಡೆಯಾಜ್ಞೆ ತತ್ಕಾಲದ್ದು. ಹೀಗೆ ಒಂದೊಂದು ನುಡಿಯೂ ನಿಲ್ಲಿಸಿದವರಾರು, ಯಾವಾಗ ನಿಲ್ಲಿಸಿದರು, ನಿಂತದ್ದರ ಗತಿಯೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ತನ್ನೊಳಗೆ ಇರಿಸಿಕೊಂಡಿದೆ. ಚಿವುಟುವ ಮಾತಿನಿಂದಲೂ ನಾವು ಆ ಮೂರು ಉತ್ತರಗಳನ್ನು ಕೇಳತಕ್ಕದ್ದು ನ್ಯಾಯ.

ಸಕಾಲದ ತಡೆಗೂ ತಡವಾದ ತಡೆಗೂ ಇರುವ ಅಂತರವೆಷ್ಟೆಂಬುದನ್ನು ಕೊಪ್ಪಳ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ ಮೂವತ್ತಮೂರು ಕ್ರೆಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 1953ರಲ್ಲಿ ಮುಗಿದು, ಗಂಗಾವತಿಯ ಭತ್ತದ ಬಯಲಿಗೂ ನೆರೆಯ ಜಿಲ್ಲೆ ರಾಜ್ಯಗಳಿಗೂ ಜೀವಾಧಾರವಾಗಿ ನಿಂತಿದ್ದ ಆ ಅಣೆಕಟ್ಟಿನ ಒಂದು ಕಿಂಡಿಯನ್ನು ಮುಚ್ಚುವುದಕ್ಕಾಗಿ, ಅಲ್ಲಿಯ ನೀರಿನ ಒತ್ತಡವನ್ನು ಇಳಿಸಬೇಕಾಗಿ ಬಂದು ಉಳಿದ ಗೇಟುಗಳನ್ನೂ ತೆರೆದು, ರೈತರು ವರ್ಷವಿಡೀ ಎದುರುನೋಡಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಒಂದು ವಾರದೊಳಗಾಗಿ ನೀರನ್ನು ನಿಲ್ಲಿಸಿದ ಕಾರ್ಮಿಕರ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಮೆಯೇ. ಆದರೆ ಆ ಸಾಹಸದ ಪಾಠವನ್ನು ಮರೆಯಕೂಡದು. ಎಪ್ಪತ್ತು ವರ್ಷ ದುಡಿದ ಸರಪಳಿಯೊಂದರ ಕೊಂಡಿಯನ್ನು ಬೇಸಗೆಯಲ್ಲಿ ಜಲಾಶಯ ಇಳಿದಿರುವಾಗ ಬದಲಾಯಿಸುವುದು ಉಗುರಿನ ಕೆಲಸ. ಪ್ರವಾಹದ ನಡುವೆ ಕಿಂಡಿ ಮುಚ್ಚುವುದು ಕೊಡಲಿಯ ಕೆಲಸ. ಇಂಥ ಸ್ಥಳದಲ್ಲಿ ‘ಮೊಳಕೆಯಲ್ಲಿಯೇ’ ಎಂಬ ಎಚ್ಚರ ಅಲಂಕಾರವಲ್ಲ, ಕರ್ತವ್ಯ.

ಇದೇ ಎಚ್ಚರ ಇನ್ನೂ ಹೆಚ್ಚು ಬೇಕಾದ ಸ್ಥಳ ಬಾಲ್ಯವಿವಾಹ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಈ ಅನಿಷ್ಟ ಇಂದಿಗೂ ಬಿಟ್ಟಿಲ್ಲವೆಂಬುದನ್ನು ತಿಳಿದವರೆಲ್ಲ ಬಲ್ಲರು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಲ್ಲಿ ನನಗೆ ಅತ್ಯಂತ ಮಾನವೀಯವಾಗಿ ತೋರುವುದು ಶಿಕ್ಷೆಯ ಕಲಮಲ್ಲ, ಹದಿಮೂರನೆಯ ಕಲಮು. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬುವ ಮುಂಚೆ ಮದುವೆ ಗೊತ್ತಾಗಿದೆಯೆಂದು ಬಲ್ಲ ಯಾರೇ ಆಗಲಿ ದೂರು ಕೊಡಬಹುದೆಂದೂ, ದೂರಿಗಾಗಿ ಕಾಯದೆ ವಿಶ್ವಸನೀಯ ವರ್ತಮಾನದ ಮೇಲೆ ಮ್ಯಾಜಿಸ್ಟ್ರೇಟರು ತಾವಾಗಿಯೇ ಆ ಮದುವೆಯನ್ನು ತಡೆಯುವ ಆಜ್ಞೆ ಹೊರಡಿಸಬಹುದೆಂದೂ ಅದು ಹೇಳುತ್ತದೆ. ಕರ್ನಾಟಕವು 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದ್ದು ದೊಡ್ಡ ಹೆಜ್ಜೆ. ಆದರೆ ಮದುವೆಯಾದ ಮೇಲೆ ಅದು ಅಸಿಂಧುವೆಂದು ಹೇಳುವುದಕ್ಕೂ, ಹಂದರ ಹಾಕುವ ಮುಂಚೆಯೇ ಶಾಲೆಯ ಗುರುಗಳೋ ಅಂಗನವಾಡಿ ಕಾರ್ಯಕರ್ತೆಯೋ 1098ಕ್ಕೆ ಕರೆ ಮಾಡಿ ಹುಡುಗಿಯನ್ನು ಕಾಪಾಡುವುದಕ್ಕೂ ಅಜಗಜಾಂತರ ಉಂಟು. ಒಂಬತ್ತನೆಯ ತರಗತಿಯ ಹುಡುಗಿ ದೀಪಾವಳಿಯ ಸೂಟಿ ಮುಗಿದರೂ ಶಾಲೆಗೆ ಬಾರದೆ ಹೋದಳೆಂಬುದೇ ಆ ಅನಿಷ್ಟದ ಮೊಳಕೆ. ಅದನ್ನು ಕಾಣುವ ಕಣ್ಣು, ಕಂಡ ಮೇಲೆ ಮನೆಯವರ ಮುಖದಾಕ್ಷಿಣ್ಯಕ್ಕೆ ಸೋಲದ ಮನಸ್ಸು, ಇವೆರಡೂ ಇದ್ದಲ್ಲಿ ಚಿವುಟುವ ಮಾತು ಸಾರ್ಥಕ.

ಇಷ್ಟು ದೂರ ಇಂಗ್ಲಿಷಿನ ನುಡಿಗೂ ನಮ್ಮ ಅನುಭವಕ್ಕೂ ವಿರೋಧವಿಲ್ಲ. ವಿರೋಧ ಕಾಣುವುದು ಹಿಂಗಾರಿಯ ಹೊಲದಲ್ಲಿ.

ಕುಷ್ಟಗಿ ಯಲಬುರ್ಗಾಗಳ ಎರೆಭೂಮಿಯಲ್ಲಿ ಮಳೆ ಹಿಂದೆಗೆದ ಮೇಲೆ ನೆಲದ ಹಸಿಯನ್ನೇ ನಂಬಿ ಜೋಳದೊಡನೆ ಕಡಲೆಯನ್ನು ಬಿತ್ತುವುದು ರೂಢಿ. ಬಿತ್ತಿ ತಿಂಗಳಾದ ಮೇಲೆ, ಗಿಡ ಗೇಣುದ್ದ ಎದ್ದು ಇನ್ನೂ ಹೂ ಕಾಣದಿರುವಾಗ, ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಸಾಲುಸಾಲಾಗಿ ಹೊಲಕ್ಕಿಳಿದು ಕಡಲೆಯ ಕುಡಿ ಚೂಟುತ್ತಾರೆ. ಚೂಟಿದ ಕುಡಿ ಹುಳಿಯಾದ ಕಡ್ಲಿಪಲ್ಲೆಯಾಗಿ ಅಂದಿನ ರೊಟ್ಟಿಗೆ ಜೊತೆಯಾಗುತ್ತದೆ. ಮಿಕ್ಕದ್ದು ನೆರಳಲ್ಲಿ ಒಣಗಿ ಬೇಸಗೆಯ ಕಾಯಿಪಲ್ಲೆ ಇಲ್ಲದ ದಿನಗಳಿಗೆ ಆಸರೆಯಾಗುತ್ತದೆ. ಆದರೆ ಕುಡಿ ಚೂಟುವುದರ ಪರಮಾರ್ಥ ಅದಲ್ಲ. ಗಿಡದ ತುದಿಯಲ್ಲಿರುವ ಕುಡಿಯು ಒಂದು ರಸವನ್ನು ಕೆಳಗಿಳಿಸಿ ಪಕ್ಕದ ಕಣ್ಣುಗಳನ್ನು ಮಲಗಿಸಿ ಇಡುತ್ತದೆಂದೂ, ತುದಿ ಹೋಯಿತೆಂದರೆ ಆ ನಿರ್ಬಂಧ ಸಡಿಲಿ ಮಲಗಿದ್ದ ಕಣ್ಣುಗಳೆಲ್ಲ ಎಚ್ಚತ್ತು ಟಿಸಿಲೊಡೆಯುತ್ತವೆಂದೂ ಸಸ್ಯಶಾಸ್ತ್ರ ಹೇಳುತ್ತದೆ. ಆಕ್ಸಿನ್ ಎಂಬ ಆ ರಸಕ್ಕೆ ಹೆಸರಿಡುವ ಎಷ್ಟೋ ಕಾಲ ಮುಂಚೆಯೇ ನಮ್ಮ ಹಳ್ಳಿಯ ತಾಯಂದಿರು ಅದರ ಫಲವನ್ನು ಉಣ್ಣುತ್ತಿದ್ದರು. ಒಂದು ತುದಿಯ ಬದಲು ಹತ್ತು ತುದಿ, ಹತ್ತರಲ್ಲಿಯೂ ಹೂ, ಹೂವಿಗೊಂದು ಕಾಯಿ. ತೊಗರಿಗೂ ಇದೇ ಉಪಚಾರವನ್ನು ಕೃಷಿ ವಿಜ್ಞಾನಿಗಳು ಇಂದು ಶಿಫಾರಸು ಮಾಡುತ್ತಾರೆ. ಅಂದರೆ ಶೀತದೇಶದ ತೋಟದಲ್ಲಿ ಅಂತ್ಯವನ್ನು ಸೂಚಿಸಿದ ಆ ಒಂದೇ ಬೆರಳ ಚಲನೆ ನಮ್ಮ ಎರೆಹೊಲದಲ್ಲಿ ಸಮೃದ್ಧಿಯನ್ನು ಸೂಚಿಸುತ್ತದೆ. ಹಾಗೆಂದು ಎಂದು ಬೇಕಾದರೂ ಚೂಟಬಹುದೆಂದಲ್ಲ: ಹೂ ಬಿಟ್ಟ ಮೇಲೆ ಚೂಟಿದರೆ ಬೆಳೆ ಹಾಳು, ನೆಲದಲ್ಲಿ ಹಸಿ ಇಲ್ಲದಾಗ ಚೂಟಿದರೆ ಟಿಸಿಲೊಡೆಯುವ ಬಲ ಗಿಡಕ್ಕಿಲ್ಲ. ಕಳೆಯನ್ನು ಕೀಳುವ ಕೈಯೂ ಕುಡಿಯನ್ನು ಚೂಟುವ ಕೈಯೂ ಒಂದೇ ಆದರೂ, ಯಾವುದು ಕಳೆ, ಯಾವುದು ಬೆಳೆ, ಬೇರಿನಲ್ಲಿ ಹಸಿ ಉಂಟೆ ಇಲ್ಲವೆ ಎಂಬ ವಿವೇಕವಿಲ್ಲದವನು ಆ ಹೊಲಕ್ಕೆ ಕಾಲಿಡಲು ಯೋಗ್ಯನಲ್ಲ.

ಈ ವಿವೇಕವನ್ನು ಕೈಯಲ್ಲಿ ಹಿಡಿದು ಕಿನ್ನಾಳಕ್ಕೆ ಬರೋಣ. ಕೊಪ್ಪಳ ಪಟ್ಟಣದಿಂದ ಹತ್ತು-ಹನ್ನೆರಡು ಕಿಲೋಮೀಟರು ದೂರದ ಈ ಊರಿನ ಚಿತ್ರಗಾರರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹಂಪಿಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳೂ ಅಲ್ಲಿಯ ತೇರಿನ ಮರಗೆಲಸವೂ ಇವರ ಪೂರ್ವಜರದೆಂಬ ಪ್ರತೀತಿ ಉಂಟು. ಹಗುರವಾದ ಮೆದು ಕಟ್ಟಿಗೆಯಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ ಕಟ್ಟಿಗೆಯ ಹೊಟ್ಟಿನೊಡನೆಯೂ ಅದೇ ಅಂಟಿನೊಡನೆಯೂ ಕಲಸಿದ ಕಿಟ್ಟವೆಂಬ ಲೇಪವನ್ನು ಮೈತುಂಬ ಬಳಿದು, ಅದರ ಮೇಲೆ ಅರಿವೆಯ ತುಣುಕುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಸರಿಯಿಂದ ನುಣುಪುಗೊಳಿಸಿ, ಅದೇ ಸರಿಯನ್ನು ಗೋಂದಿನೊಡನೆ ಬೆರೆಸಿ ಎಳೆಎಳೆಯಾಗಿ ಇಳಿಸಿ ಕಂಠೀಹಾರ, ಕಡಗ, ಕಿರೀಟಗಳ ಉಬ್ಬು ಮೂಡಿಸಿ, ಕಟ್ಟಕಡೆಗೆ ಬಣ್ಣ ಹಚ್ಚುವ ಈ ವಿಧಾನದಲ್ಲಿ ಗರುಡಮೂರ್ತಿಯೊಂದಕ್ಕೆ 12 ಬಿಡಿಭಾಗಗಳೂ ಪೀಠಸ್ಥನಾದ ಗಣಪತಿಗೆ 22 ಬಿಡಿಭಾಗಗಳೂ ಬೇಕಾಗುವುವೆಂದರೆ, ಒಂದು ಮೂರ್ತಿಯ ಹಿಂದೆ ಎಷ್ಟು ದಿನಗಳ ತಾಳ್ಮೆ ಇದ್ದೀತೆಂಬುದನ್ನು ಊಹಿಸಬಹುದು. ಗ್ರಾಮದೇವತೆಯ ಜಾತ್ರೆಗೆ ದ್ಯಾಮವ್ವ ದುರ್ಗವ್ವರ ಮೂರ್ತಿಗಳೂ, ಮನೆಯ ಮಕ್ಕಳಿಗೆ ನಾನಾ ಕಸುಬಿನವರ ಗೊಂಬೆಗಳೂ ಈ ಕೈಗಳಿಂದ ಹೊರಟವು.

ಈ ಕಲೆಯ ವಿಷಯದಲ್ಲಿ ನಮ್ಮ ಪತ್ರಿಕೆಗಳು ಬಳಸುವ ಮಾತು ‘ನಶಿಸುತ್ತಿದೆ’ ಎಂಬುದು. ಈ ಕ್ರಿಯಾಪದದ ವಿಷಯದಲ್ಲಿ ನನಗೆ ಆಳವಾದ ಅಸಮಾಧಾನವಿದೆ. ಎಲೆ ಹಣ್ಣಾಗಿ ಉದುರುವಂತೆ, ಕಲೆಯೂ ತನ್ನ ಆಯುಸ್ಸು ತೀರಿ ತಾನಾಗಿ ಮುಗಿಯುತ್ತಿದೆಯೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಮುಗಿಸುತ್ತಿರುವವರಾರೆಂಬ ಪ್ರಶ್ನೆಗೆ ಅದರಲ್ಲಿ ಸ್ಥಳವಿಲ್ಲ. ವಾಸ್ತವದಲ್ಲಿ ಕಿನ್ನಾಳದ ಕಲೆಗೆ ಆಗಿರುವುದು ಎರಡು ಬಗೆಯ ಚಿವುಟು. ಮೊದಲನೆಯದು ಅರಸುಗಳ, ಸಂಸ್ಥಾನಗಳ, ದೊಡ್ಡ ದೇವಾಲಯಗಳ ಆಶ್ರಯವೆಂಬ ತುದಿ ಕಡಿದುಹೋದದ್ದು. ಅದರಿಂದ ಗಿಡ ಸಾಯಲಿಲ್ಲ, ಟಿಸಿಲೊಡೆಯಿತು: ತೇರಿನ ಗೊಂಬೆಯನ್ನು ಕಡೆದ ಕೈ ಆಟಿಕೆಯನ್ನು ಕಡೆಯಿತು, ದೇವರ ವಾಹನವನ್ನು ಕಡೆದ ಕೈ ಮನೆಯ ಅಲಂಕಾರದ ಹಕ್ಕಿಯನ್ನೂ ಪ್ರಾಣಿಯನ್ನೂ ಕಡೆಯಿತು, ಹಬ್ಬದ ದಿನಗಳಲ್ಲಿ ಮಣ್ಣಿನ ಮೂರ್ತಿಗಳನ್ನೂ ಮಾಡಿತು. ಬೇರಿನಲ್ಲಿ ಹಸಿ ಇದ್ದುದರಿಂದ ಇದು ಸಾಧ್ಯವಾಯಿತು. ಎರಡನೆಯದು ಈಗ ನಮ್ಮ ಕಣ್ಣೆದುರಿನಲ್ಲಿಯೇ ನಡೆಯುತ್ತಿರುವುದು, ಹೂವಿನ ಕಾಲದಲ್ಲಿ ಒಣನೆಲದಲ್ಲಿ ನಡೆಯುವ ಚಿವುಟು. ದಿನಗಟ್ಟಲೆ ಕುಳಿತು ಮಾಡಿದ ಗೊಂಬೆಯ ಬೆಲೆಯನ್ನು ಅಚ್ಚಿನಲ್ಲಿ ಕ್ಷಣಕ್ಕೊಂದು ಬೀಳುವ ಪ್ಲಾಸ್ಟಿಕ್ ಗೊಂಬೆಯ ಬೆಲೆಯೊಡನೆ ತೂಗಿ ಚೌಕಾಸಿ ಮಾಡುವ ಕೊಳ್ಳುಗನ ಉಗುರು ಅಲ್ಲಿದೆ. ಸನ್ಮಾನ ಸಮಾರಂಭಗಳಲ್ಲಿ ಎಲ್ಲಿಯೋ ತಯಾರಾದ ಹೊಳಪಿನ ಫಲಕಗಳನ್ನು ಹಂಚುವ ಸಂಸ್ಥೆಗಳ ಉಗುರು ಅಲ್ಲಿದೆ. ಜಿಲ್ಲೆಯ ಶಾಲೆಗಳಲ್ಲಿ ಚಿತ್ರಕಲೆಯನ್ನು ಪರೀಕ್ಷೆಗೆ ಬಾರದ ವಿಷಯವೆಂದು ಮೂಲೆಗೆ ತಳ್ಳಿದ ನಮ್ಮೆಲ್ಲರ ಉಗುರೂ ಅಲ್ಲಿದೆ. ‘ಇದರಿಂದ ಹೊಟ್ಟೆ ತುಂಬುವುದಿಲ್ಲ, ಬೇರೆ ಕೆಲಸ ನೋಡು’ ಎಂದು ಮಗನಿಗೆ ಹೇಳುವ ಚಿತ್ರಗಾರನನ್ನು ನಾವು ದೂರುವಂತಿಲ್ಲ. ಆತನು ಮಗನ ಅನ್ನವನ್ನು ಯೋಚಿಸುತ್ತಿದ್ದಾನೆ, ಅದು ತಂದೆಯ ಧರ್ಮ. ಹಾಗೆ ಹೇಳಬೇಕಾದ ಸ್ಥಿತಿಗೆ ಆತನನ್ನು ತಂದವರೇ ಉತ್ತರವಾದಿಗಳು.

ಹಾಗಿದ್ದರೆ ಕಿನ್ನಾಳದಲ್ಲಿ ಚಿವುಟತಕ್ಕದ್ದು ಏನೂ ಇಲ್ಲವೆ? ಇದೆ. ಕಿನ್ನಾಳದ ಆಟಿಕೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. 1999ರಲ್ಲಿ ಸಂಸತ್ತು ಅಂಗೀಕರಿಸಿ 2003ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಇಂಥ ಹೆಸರನ್ನು ಆ ನೆಲದ ಅಧಿಕೃತ ಕುಶಲಿಗಳ ಹೊರತು ಅನ್ಯರು ತಮ್ಮ ಸರಕಿಗೆ ಹಚ್ಚುವಂತಿಲ್ಲ. ಆದರೆ ಕಾಯಿದೆ ತಾನಾಗಿ ಕಾವಲು ಕಾಯುವುದಿಲ್ಲ. ನೋಂದಣಿಯ ಅವಧಿ ಹತ್ತು ವರ್ಷ, ಆಮೇಲೆ ನವೀಕರಿಸಬೇಕು. ಹೆಸರಿನ ದುರುಪಯೋಗ ಕಂಡುಬಂದಾಗ ದೂರು ಕೊಡುವವರು ಬೇಕು, ದೂರಿನ ಖರ್ಚನ್ನು ಹೊರುವವರು ಬೇಕು. ಗೊಂಬೆಯೊಂದನ್ನು ಕಡೆದು ಮಾರಿ ಅಂದಿನ ಸಂತೆ ಮಾಡಬೇಕಾದ ಕುಶಲಿಯಿಂದ ಈ ಕಾವಲನ್ನು ನಿರೀಕ್ಷಿಸುವುದು ಅನ್ಯಾಯ. ಕರಕುಶಲ ಅಭಿವೃದ್ಧಿಯ ಹೊಣೆ ಹೊತ್ತ ಸರಕಾರಿ ಸಂಸ್ಥೆಗಳು ಇದನ್ನು ವಹಿಸಿಕೊಳ್ಳಬೇಕು. ‘ಕಿನ್ನಾಳ’ವೆಂಬ ಚೀಟಿ ಹಚ್ಚಿಕೊಂಡ ಮೊದಲನೆಯ ನಕಲಿ ಗೊಂಬೆ ಯಾವ ಅಂಗಡಿಯಲ್ಲಿ ಕಾಣಿಸಿಕೊಂಡೀತೋ ಆ ಅಂಗಡಿಯಲ್ಲಿಯೇ ಅದನ್ನು ತಡೆಯಬೇಕು. ಇಲ್ಲಿ ಚಿವುಟುವ ಉಗುರು ಎಷ್ಟು ಚುರುಕಾಗಿದ್ದರೂ ಅದು ಬೆಳೆಯ ಪರವಾದ ಉಗುರೇ.

ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆ ವಿಸ್ತಾರದ ಆಟಿಕೆ ಕೈಗಾರಿಕಾ ಸಮುಚ್ಚಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಯಂತ್ರದಿಂದ ಆಟಿಕೆ ತಯಾರಾಗುವುದನ್ನು ನಾನು ವಿರೋಧಿಸುವುದಿಲ್ಲ. ಬರಗಾಲಕ್ಕೆ ಅಂಜಿ ಗುಳೆ ಹೋಗುವ ಈ ನಾಡಿನ ಹೆಣ್ಣುಮಕ್ಕಳಿಗೆ ಊರ ಬಳಿಯಲ್ಲಿ ನಿತ್ಯದ ಕೂಲಿ ದೊರೆಯುವುದಾದರೆ ಅದು ಸ್ವಾಗತಾರ್ಹವೇ. ಆದರೆ ಆಟಿಕೆಯ ಕೈಗಾರಿಕೆಗೆ ಕೊಪ್ಪಳವನ್ನು ಆರಿಸಿದಾಗ ಕಿನ್ನಾಳದ ಪರಂಪರೆಯ ಹೆಸರು ಹೇಳಿ, ಆ ಪರಂಪರೆಯ ಮನೆಗಳಿಗೆ ಆ ಕೈಗಾರಿಕೆಯಿಂದ ಏನೂ ಸಲ್ಲದಂತಾದರೆ, ಒಂದು ಗಿಡದ ಹೆಸರಿನಲ್ಲಿ ನೀರು ತಂದು ಇನ್ನೊಂದಕ್ಕೆ ಹೊಯ್ದ ದೋಷ ನಮಗೆ ಬರುತ್ತದೆ. ಯಂತ್ರದ ಆಟಿಕೆಗೆ ರೂಪ ಕಲ್ಪಿಸುವ ಕೆಲಸದಲ್ಲಿ ಚಿತ್ರಗಾರರ ಮಕ್ಕಳಿಗೆ ಸ್ಥಾನ ದೊರೆಯಲಿ. ಕೈಯ ಆಟಿಕೆಗೆ ಬೇಕಾದ ಮೆದು ಕಟ್ಟಿಗೆಯ ಮರಗಳನ್ನು ಅರಣ್ಯ ಇಲಾಖೆ ಕಿನ್ನಾಳದ ಸುತ್ತಣ ಬಂಜರಿನಲ್ಲಿ ಬೆಳೆಸಲಿ. ಜಿಲ್ಲೆಯ ಪ್ರತಿಯೊಂದು ಸರಕಾರಿ ಸಮಾರಂಭದ ಕಾಣಿಕೆ ಕಿನ್ನಾಳದ ಕೈಯಿಂದಲೇ ಬರಲಿ. ಊರಿನ ಶಾಲೆಯಲ್ಲಿ ವಾರಕ್ಕೊಮ್ಮೆಯಾದರೂ ಹಿರಿಯ ಚಿತ್ರಗಾರರು ಎಲ್ಲ ಜಾತಿಯ, ಎಲ್ಲ ಮನೆಯ ಮಕ್ಕಳಿಗೂ ಉಳಿ ಹಿಡಿಯುವುದನ್ನು, ಕಿಟ್ಟ ಕಲಸುವುದನ್ನು ಹೇಳಿಕೊಡಲಿ, ಆ ಪಾಠಕ್ಕೆ ಅವರಿಗೆ ಶಿಕ್ಷಕರ ಗೌರವವೂ ವೇತನವೂ ಸಲ್ಲಲಿ. ನಾನು ಬೇರಿನ ಹಸಿಯೆಂದು ಕರೆದದ್ದು ಇವುಗಳನ್ನೇ. ಇವಿದ್ದರೆ ಕಾಲ ಚಿವುಟಿದ ಒಂದು ತುದಿಯ ಸ್ಥಳದಲ್ಲಿ ಹತ್ತು ತುದಿಗಳು ಹುಟ್ಟುವುವು.

ನಿಲ್ಲಿಸುವ ಅಧಿಕಾರವುಳ್ಳವರಿಗೂ, ಆ ಅಧಿಕಾರವನ್ನು ಮಾತಿನಲ್ಲಿ ಪ್ರಯೋಗಿಸುವ ನಮ್ಮಂಥ ಬರಹಗಾರರಿಗೂ ನನ್ನ ವಿನಂತಿ ಇಷ್ಟು. ಯಾವುದನ್ನೇ ಆಗಲಿ ಮೊಳಕೆಯಲ್ಲಿ ಚಿವುಟಬೇಕೆಂದು ಹೇಳುವ ಮುನ್ನ ಚಿವುಟುವವರಾರು, ಚಿವುಟುವುದು ಏನನ್ನು, ಅದಕ್ಕೆ ಹೊತ್ತು ಯಾವುದು ಎಂಬುದನ್ನು ಹೆಸರಿಸಿ ಹೇಳೋಣ. ಸವೆದ ಸರಪಳಿಯ ವಿಷಯದಲ್ಲಿ, ಬಾಲೆಯ ಮದುವೆಯ ವಿಷಯದಲ್ಲಿ, ನಕಲಿ ಹೆಸರಿನ ವಿಷಯದಲ್ಲಿ ಒಂದು ದಿನವೂ ತಡಮಾಡದೆ ಚಿವುಟೋಣ. ಅಲ್ಲಿ ದಾಕ್ಷಿಣ್ಯ ತೋರುವುದೇ ಪಾಪ. ವಿದ್ಯಾರ್ಥಿಯ ಪ್ರಶ್ನೆ, ಪ್ರಜೆಯ ಭಿನ್ನಾಭಿಪ್ರಾಯ, ಕುಶಲಿಯ ಕಸುಬು, ಮಗುವಿನ ಚಿತ್ರ ಬರೆಯುವ ಆಸೆ ಇವುಗಳ ಕುಡಿಗೆ ಕೈ ಹಚ್ಚಬೇಕಾದ ಪ್ರಸಂಗ ಬಂದಾಗ ಮಾತ್ರ ಕಡಲೆಯ ಹೊಲದ ತಾಯಂದಿರ ಹಾಗೆ, ಇದರಿಂದ ಮುಂದೆ ಎಷ್ಟು ಟಿಸಿಲು ಹೊರಟೀತೆಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೈ ಹಚ್ಚೋಣ. ಅಷ್ಟು ಲೆಕ್ಕ ಹಾಕಲು ವ್ಯವಧಾನವಿಲ್ಲದವರು ಆ ಕುಡಿಯನ್ನು ಮುಟ್ಟದೆ ಬಿಡುವುದೇ ಲೋಕಕ್ಕೆ ಅವರು ಮಾಡುವ ಉಪಕಾರ.